ಬಿಚ್ಚಬಾರದ ಸ್ಲೇಟು

ನಮ್ಮ ತಾಯಿಯವರು ಅದನ್ನು ಸ್ಲೇಟು ಎಂದೇ ಕರೆಯುವುದು. ಟ್ಯಾಬ್ಲೆಟ್ ಎಂಬ ಮಾತು ಅವರ ಮಟ್ಟಿಗೆ ದಿನಕ್ಕೆ ಮೂರು ಹೊತ್ತು ನುಂಗುವ ಮಾತ್ರೆಗಳಿಗೆ ಮೀಸಲು. ಆಕಾರದಲ್ಲಿ, ಅಂಚಿನ ಚೌಕಟ್ಟಿನಲ್ಲಿ, ಮಡಿಲಲ್ಲಿಟ್ಟುಕೊಂಡು ಬೆರಳಾಡಿಸುವ ಕ್ರಮದಲ್ಲಿ ಅದು ಸ್ಲೇಟೇ ಸರಿ. ಬಳಪ ಒಂದಿಲ್ಲ, ಅಷ್ಟೆ. ಅವರಿಗೆ ಈಗ ಎಂಬತ್ತಮೂರು. ಕಣ್ಣಿನ ನಡುವಣ ದೃಷ್ಟಿ ಸೋಲುತ್ತ ಬಂದು, ಅಚ್ಚಿನ ಪುಸ್ತಕ ಅವರ ಕೈಬಿಟ್ಟು ಆರು ವರ್ಷವಾಯಿತು. ಈ ಸ್ಲೇಟಿನಲ್ಲಿ ಅಕ್ಷರವನ್ನು ಬೇಕಾದಷ್ಟು ಹಿಗ್ಗಿಸಬಹುದು. ಒಂದಂಗುಲ ಎತ್ತರದ ಅಕ್ಷರಗಳಲ್ಲಿ, ಸಾಲಿಗೆ ನಾಲ್ಕೋ ಐದೋ ಅಕ್ಷರದಂತೆ, ಅವರು ಗದುಗಿನ ಭಾರತವನ್ನು ಮೊದಲಿನಿಂದ ಓದಿಕೊಂಡು ಬರುತ್ತಿದ್ದಾರೆ. ಉದ್ಯೋಗಪರ್ವದವರೆಗೆ ಬಂದಿದ್ದಾರೆ. ಅವಸರವೇನೂ ಇಲ್ಲ ಎನ್ನುತ್ತಾರೆ. ಆದರೆ ಎಂಬತ್ತಮೂರರಲ್ಲಿ ಆ ಮಾತನ್ನು ಆಡುವವರು ಅದರ ಅರ್ಥ ತಿಳಿಯದೆ ಆಡುವುದಿಲ್ಲ.

ಕಳೆದ ಕಾರ್ತೀಕದಲ್ಲಿ ಒಂದು ಸಂಜೆ ಅವರು ನನ್ನನ್ನು ಕರೆದು, “ಏನೋ, ಈ ಸ್ಲೇಟು ಯಾಕೋ ಬಾತುಕೊಂಡ ಹಾಗಿದೆಯಲ್ಲೋ” ಎಂದರು. ನಾನು ನೋಡಿದಾಗ ಏನೂ ಕಾಣಲಿಲ್ಲ. ಕೈಗೆ ತೆಗೆದುಕೊಂಡು ಅಂಚಿನ ಮೇಲೆ ಬೆರಳಾಡಿಸಿದಾಗ ತಿಳಿಯಿತು: ಒಂದು ಮಗ್ಗುಲಲ್ಲಿ ಗಾಜು ಚೌಕಟ್ಟಿನಿಂದ ಮೇಲೆದ್ದಿತ್ತು; ಉಗುರು ತೂರಿಸುವಷ್ಟು ಸಂದು ಬಿಟ್ಟಿತ್ತು. ಕಣ್ಣಿದ್ದ ನನಗೆ ಕಾಣದ್ದು ಅವರ ಬೆರಳಿಗೆ ಮೊದಲೇ ಗೊತ್ತಾಗಿತ್ತು.

ಮರುದಿನ ಅದನ್ನು ಅಂಗಡಿಗೆ ಒಯ್ದೆ. ಅಲ್ಲಿದ್ದ ತರುಣ ಸಭ್ಯ. ಕೈಗೆ ತೆಗೆದುಕೊಂಡ ಕೂಡಲೇ, “ಬ್ಯಾಟರಿ ಊದಿಕೊಂಡಿದೆ ಸಾರ್. ಇನ್ನು ಚಾರ್ಜಿಗೆ ಹಾಕ್ಬೇಡಿ” ಎಂದ. ಬೇರೆ ಬ್ಯಾಟರಿ ಹಾಕಿಕೊಡಿ ಎಂದೆ. ಈ ಮಾದರಿ ಹಳೆಯದು, ಕಂಪನಿಯವರು ಇದಕ್ಕೆ ಹಾಕಿಕೊಡುವುದನ್ನು ನಿಲ್ಲಿಸಿದ್ದಾರೆ, ಇದನ್ನು ಕೊಟ್ಟು ಹೊಸದು ಕೊಂಡರೆ ಸಾವಿರ ರೂಪಾಯಿ ಮುರಿದುಕೊಳ್ಳುತ್ತೇವೆ ಎಂದ. ನಾನು ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಬಿಚ್ಚುವುದಕ್ಕೆ ತಿರುಪು ಎಲ್ಲಿದೆಯಪ್ಪ?” ಎಂದು ಕೇಳಿದೆ. ಅವನಿಗೆ ನಗು ಬಂತು. “ತಿರುಪೇ ಇಲ್ಲ ಸಾರ್, ಎಲ್ಲಾ ಅಂಟು. ಇದು ಬಿಚ್ಚೋಕೆ ಅಂತ ಮಾಡಿದ್ದಲ್ಲ” ಎಂದ.

ಬಿಚ್ಚುವುದಕ್ಕೆಂದು ಮಾಡಿದ್ದಲ್ಲ! ಮನೆಗೆ ಬರುವ ದಾರಿಯುದ್ದಕ್ಕೂ ಆ ಮಾತು ನನ್ನ ಜೊತೆಯಲ್ಲೇ ಬಂತು. ಹಣ ಕೊಟ್ಟವನು ನಾನು. ರಸೀತಿ ನನ್ನ ಹೆಸರಿನಲ್ಲಿದೆ. ಅದನ್ನು ನಾನು ಮಾರಬಹುದು, ದಾನ ಮಾಡಬಹುದು, ಕೆರೆಗೆ ಎಸೆಯಬಹುದು, ಯಾರೂ ಕೇಳುವಂತಿಲ್ಲ. ಮಾಡಬಾರದ್ದು ಒಂದೇ: ಅದರ ಒಳಗೆ ಇಣುಕಿ, ಕೆಟ್ಟ ಭಾಗವನ್ನು ತೆಗೆದು, ಒಳ್ಳೆಯ ಭಾಗವನ್ನು ಉಳಿಸಿಕೊಳ್ಳುವುದು. ಹಾಳುಮಾಡುವ ಸ್ವಾತಂತ್ರ್ಯವಿದ್ದು ಕಾಪಾಡುವ ಸ್ವಾತಂತ್ರ್ಯ ಇಲ್ಲದಿರುವ ಒಡೆತನ ಎಂತಹ ಒಡೆತನ?

ನಾನು ಬೆಳೆದ ಮನೆಯಲ್ಲಿ ಬಿಚ್ಚಲಾಗದ ಪದಾರ್ಥ ಇದ್ದ ನೆನಪು ನನಗಿಲ್ಲ. ಟಾರ್ಚಿನ ಬುಡದ ಮುಚ್ಚಳ ತಿರುಗಿಸಿದರೆ ಸೆಲ್ಲುಗಳು ಅಂಗೈಗೆ ಜಾರುತ್ತಿದ್ದವು. ರೇಡಿಯೋದ ಬೆನ್ನಿಗೆ ತೂತು ತೂತಿನ ರಟ್ಟು. ಎರಡು ತಿರುಪು ತೆಗೆದರೆ ಒಳಗಿನ ಲೋಕವೆಲ್ಲ ಕಾಣುತ್ತಿತ್ತು. ಪಂಪ್ ಸ್ಟೋವಿಗೆ ಪಿನ್ನು, ವಾಷರು, ಸೈಕಲ್ಲಿಗೆ ಸ್ಪ್ಯಾನರು, ಕೊಡೆಗೆ ಕಡ್ಡಿ. ಹಾಗೆಂದು ಎಲ್ಲವನ್ನೂ ನಾವೇ ದುರಸ್ತಿ ಮಾಡಿಕೊಳ್ಳುತ್ತಿದ್ದೆವು ಎಂದಲ್ಲ. ಕಲಾಯಿಯವನು ಬರುತ್ತಿದ್ದ, ಕತ್ತರಿಗೆ ಸಾಣೆ ಹಿಡಿಯುವವನು ಬರುತ್ತಿದ್ದ, ಕೊಡೆ ರಿಪೇರಿಯವನು ಜಗಲಿಯ ಮೇಲೆ ಕೂತು ಎದುರಿಗೇ ಕೆಲಸ ಮಾಡುತ್ತಿದ್ದ. ನಮಗೆ ಬಾರದ ಕೆಲಸವನ್ನು ಬಲ್ಲವನಿಂದ ಮಾಡಿಸಿಕೊಳ್ಳುವುದು ಬೇರೆ. ಯಾರಿಂದಲೂ ಮಾಡಿಸಿಕೊಳ್ಳಲಾಗದಂತೆ ವಸ್ತುವಿನ ಬಾಯಿಗೆ ಅರಗು ಹಾಕಿರುವುದು ಬೇರೆ. ನನ್ನ ತಂದೆಯವರ ಎಚ್.ಎಂ.ಟಿ. ಜನತಾ ಗಡಿಯಾರ ಇನ್ನೂ ನಮ್ಮ ಮನೆಯಲ್ಲಿದೆ. 1961ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆ ಗಡಿಯಾರದ ಉದ್ಯಮವನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಮಾಡಿದ ಕಂಪನಿ ಹೋಯಿತು, ಕಟ್ಟಿಕೊಂಡಿದ್ದ ತಂದೆಯವರೂ ಹೋದರು. ಗಡಿಯಾರ ಮಾತ್ರ ಕೀಲಿ ಕೊಟ್ಟರೆ ಓಡುತ್ತದೆ. ಅದರ ಬೆನ್ನಿನ ಮುಚ್ಚಳ ತೆಗೆಯಲು ಬರುವುದೇ ಅದರ ದೀರ್ಘಾಯುಷ್ಯದ ಗುಟ್ಟು.

ಇಷ್ಟು ಯೋಚಿಸುವ ಹೊತ್ತಿಗೆ ನನಗೆ ತಯಾರಕರ ಮೇಲೆ ಸಾಕಷ್ಟು ಸಿಟ್ಟು ಬಂದಿದ್ದಿತು. ಸಿಟ್ಟಿಗೆ ಆಧಾರವೂ ಇದ್ದಿತು. 1924ರಲ್ಲಿ ಜಿನೀವಾ ನಗರದಲ್ಲಿ ಜಗತ್ತಿನ ದೊಡ್ಡ ದೊಡ್ಡ ವಿದ್ಯುದ್ದೀಪ ತಯಾರಕರು ಸೇರಿ ಫೀಬಸ್ ಎಂಬ ಕೂಟವನ್ನು ಕಟ್ಟಿಕೊಂಡು, ದೀಪದ ಬುರುಡೆ ಸಾವಿರ ಗಂಟೆಗಿಂತ ಹೆಚ್ಚು ಉರಿಯದಂತೆ ಮಾಡಬೇಕೆಂದು ಒಪ್ಪಂದ ಮಾಡಿಕೊಂಡರು. ಹೆಚ್ಚು ಕಾಲ ಉರಿಯುವ ದೀಪ ಮಾಡಿದ ಸದಸ್ಯನಿಗೆ ದಂಡ! ಇದು ಕಟ್ಟುಕತೆಯಲ್ಲ, ದಾಖಲೆಯಿರುವ ಸಂಗತಿ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಲಿವರ್‌ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ 1901ರಿಂದ ಉರಿಯುತ್ತ ಬಂದಿದೆಯೆಂದು ಹೇಳುವ ದೀಪವೊಂದಿದೆ. ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದವನಿಗೆ ಲೋಕವೆಲ್ಲ ಮೋಸವಾಗಿ ಕಂಡರೆ ಆಶ್ಚರ್ಯವಿಲ್ಲ.

ಆದರೆ ಸಿಟ್ಟಿಗೆ ಒಂದು ದೋಷವಿದೆ. ಅದು ಅರ್ಧ ವಿಷಯಕ್ಕೇ ತೃಪ್ತಿಪಟ್ಟುಕೊಳ್ಳುತ್ತದೆ. ಲಿವರ್‌ಮೋರಿನ ಆ ದೀಪ ಈಗ ಕೊಡುವ ಬೆಳಕು ರಾತ್ರಿ ಮಲಗುವ ಕೋಣೆಯಲ್ಲಿ ಹಚ್ಚಿಡುವ ಪುಟ್ಟ ದೀಪದಷ್ಟು. ಅದರಡಿ ಕೂತು ಓದಲಾಗದು. ತಂತು ಹೆಚ್ಚು ಕಾಯ್ದಷ್ಟೂ ಬೆಳಕು ಹೆಚ್ಚು, ಆಯುಸ್ಸು ಕಡಿಮೆ. ಕೂಟದವರ ಲೋಭ ನಿಜ, ಆದರೆ ಬೆಳಕಿಗೂ ಬಾಳಿಕೆಗೂ ಇರುವ ಈ ಜಗಳವೂ ನಿಜ. ನಮ್ಮ ಸ್ಲೇಟಿನ ವಿಷಯವೂ ಹೀಗೆಯೇ. ಒಳಗಿನ ಬ್ಯಾಟರಿಗೆ ಗಟ್ಟಿ ಡಬ್ಬಿ ಇಲ್ಲ. ಮೆದುವಾದ ಬೆಳ್ಳಿಬಣ್ಣದ ಚೀಲದಲ್ಲಿ ಅದನ್ನು ಕಟ್ಟಿ ಅಂಟಿಸಿರುತ್ತಾರೆ. ಡಬ್ಬಿ, ಮುಚ್ಚಳ, ತಿರುಪುಗಳ ಜಾಗ ಉಳಿದು ಅಲ್ಲೂ ಬ್ಯಾಟರಿಯೇ ತುಂಬಿಕೊಳ್ಳುತ್ತದೆ. ವಸ್ತು ತೆಳ್ಳಗಾಗುತ್ತದೆ, ಹಗುರಾಗುತ್ತದೆ. ತೆಳುವಿನ ಈ ಹುಚ್ಚನ್ನು ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಆದರೆ ನಮ್ಮ ತಾಯಿಯವರ ಮಣಿಕಟ್ಟು ಒಂದು ಗಂಟೆ ಹೊತ್ತು ಹಿಡಿದಿರಬಲ್ಲದ್ದು ಆ ಹಗುರಾದ ಸ್ಲೇಟನ್ನೇ. ನಾನು ನಗುತ್ತಿದ್ದ ಗುಣವೇ ಅವರಿಗೆ ಭಾರತವನ್ನು ಓದಿಸುತ್ತಿತ್ತು.

ಇನ್ನೊಂದು ಅರ್ಧ ಅದಕ್ಕಿಂತ ಕಹಿಯಾಗಿದ್ದಿತು. ಬ್ಯಾಟರಿ ಏಕೆ ಊದಿತು ಎಂದು ಓದಿ ತಿಳಿಯಹೊರಟಾಗ ಅಪರಾಧಿಯ ಹೆಜ್ಜೆಗುರುತು ನನ್ನ ಕೋಣೆಯ ಕಡೆಗೇ ತಿರುಗಿತು. ಈ ಬಗೆಯ ಬ್ಯಾಟರಿಯಲ್ಲಿ ಒಂದು ಕಡೆ ಗ್ರಾಫೈಟು, ಇನ್ನೊಂದು ಕಡೆ ಕೋಬಾಲ್ಟಿನಂಥ ಲೋಹದ ಆಕ್ಸೈಡು, ನಡುವೆ ಒಂದು ದ್ರವ. ಚಾರ್ಜಿಗೆ ಹಾಕಿದಾಗ ಲಿಥಿಯಂ ಅಯಾನುಗಳು ಆ ದ್ರವದ ಮೂಲಕ ಗ್ರಾಫೈಟಿನ ಪದರಗಳೊಳಗೆ ಹೋಗಿ ಕೂರುತ್ತವೆ. ಬಳಸುವಾಗ ಹಿಂದಕ್ಕೆ ಬರುತ್ತವೆ. ಪ್ರತಿಯೊಂದು ಪ್ರಯಾಣದಲ್ಲೂ ಕೆಲವು ದಾರಿಯಲ್ಲೇ ಸಿಕ್ಕಿಬೀಳುತ್ತವೆ. ಹೀಗೆ ಕೆಲವು ನೂರು ಪ್ರಯಾಣಗಳಲ್ಲಿ ಶಕ್ತಿ ಕುಂದುತ್ತದೆ. ಇದು ಮುಪ್ಪು, ಯಾರ ತಪ್ಪೂ ಅಲ್ಲ. ಆದರೆ ಸದಾ ತುಂಬಿದ ಸ್ಥಿತಿಯಲ್ಲಿಯೂ ಬಿಸಿಯಲ್ಲಿಯೂ ಇಟ್ಟರೆ ಮುಪ್ಪು ಬೇಗ ಬರುತ್ತದೆ, ದ್ರವ ಕೆಟ್ಟು ಅನಿಲವಾಗುತ್ತದೆ, ಚೀಲ ಊದುತ್ತದೆ. ಅಮ್ಮನಿಗೆ ಕಷ್ಟವಾಗಬಾರದೆಂದು ನಾನು ಆ ಸ್ಲೇಟನ್ನು ಅವರ ಹಾಸಿಗೆಯ ಪಕ್ಕದಲ್ಲಿ, ದಿಂಬಿನ ಮೇಲೆ, ಹಗಲು ರಾತ್ರಿ ಚಾರ್ಜರಿಗೆ ಸಿಕ್ಕಿಸಿಯೇ ಇಟ್ಟಿದ್ದೆ. ಎಷ್ಟೋ ವರ್ಷ! ಪ್ರತಿವರ್ಷ ಆಯುಧಪೂಜೆಯ ದಿನ ಅದಕ್ಕೂ ಕುಂಕುಮವಿಟ್ಟು ಹೂ ಏರಿಸಿದ್ದೆ. ಪೂಜೆ ಮಾಡಿದೆ, ಆರೈಕೆ ಮಾಡಲಿಲ್ಲ. ಒಳಗೇನಿದೆ ಎಂದು ತಿಳಿಯದೆ ಇರುವುದು ನನಗೂ ಸುಖವಾಗಿಯೇ ಇದ್ದಿತು. ಆ ಅಂಟಿನಲ್ಲಿ ಒಂದು ಪಾಲು ನನ್ನ ಸೋಮಾರಿತನದ್ದು ಎಂದು ಒಪ್ಪಿಕೊಳ್ಳಬೇಕಾಯಿತು.

ಹೊಸದನ್ನು ಕೊಳ್ಳುವ ಶಕ್ತಿ ಇರಲಿಲ್ಲವೆ? ಇದ್ದಿತು. ಹಾಗಿದ್ದ ಮೇಲೆ ಈ ಹಟ ಏಕೆ ಎಂದು ಮನೆಯಾಕೆ ಕೇಳಿದಳು. ನ್ಯಾಯವಾದ ಪ್ರಶ್ನೆ. ನನಗೆ ಹೊಳೆದ ಉತ್ತರ ಹೀಗಿತ್ತು. ಆ ಸ್ಲೇಟಿನ ಗಾಜು ಸರಿಯಾಗಿದೆ, ಒಳಗಿನ ಯಂತ್ರ ಸರಿಯಾಗಿದೆ, ಯಾವ ಮೂಲೆಯಲ್ಲಿ ಬೆರಳಿಟ್ಟರೆ ಯಾವ ಪುಟ ಬರುತ್ತದೆಂಬುದು ಅಮ್ಮನ ಕೈಗೆ ರೂಢಿಯಾಗಿದೆ. ಕೆಟ್ಟಿರುವುದು ಒಂದು ಭಾಗ. ಒಂದು ಹಲ್ಲು ಹೋದವನನ್ನು ಯಾರೂ ಸ್ಮಶಾನಕ್ಕೆ ಒಯ್ಯುವುದಿಲ್ಲ. ಅಷ್ಟೇ ಅಲ್ಲ, ನಾವು ಎಸೆಯುವ ವಸ್ತುವಿನ ಜೊತೆಗೆ ನಮಗೆ ಕಾಣದ ಎಷ್ಟೋ ಜನರ ಬೆವರನ್ನೂ ಎಸೆಯುತ್ತೇವೆ. ಇಂಥ ಬ್ಯಾಟರಿಗೆ ಬೇಕಾದ ಕೋಬಾಲ್ಟಿನ ಬಹುಪಾಲು ಬರುವುದು ಆಫ್ರಿಕದ ಕಾಂಗೋ ದೇಶದ ಗಣಿಗಳಿಂದ; ಅಲ್ಲಿ ಮಕ್ಕಳೂ ಅದಿರು ಆಯುತ್ತಾರೆಂದು ಆಮ್ನೆಸ್ಟಿ ಸಂಸ್ಥೆ 2016ರಲ್ಲಿ ವರದಿ ಮಾಡಿದೆ. ಲಿಥಿಯಂ ಎಂಬ ಹೆಸರೇ ಗ್ರೀಕ್ ಭಾಷೆಯ ಕಲ್ಲು ಎಂಬ ಶಬ್ದದಿಂದ ಬಂದದ್ದು. ನಮ್ಮ ಮಂಡ್ಯ ಜಿಲ್ಲೆಯ ಮಾರ್ಲಗಲ್ಲ ಸುತ್ತಿನ ಬಂಡೆಗಳಲ್ಲಿ 1,600 ಟನ್ನಿನಷ್ಟು ಲಿಥಿಯಂ ಇರಬಹುದೆಂದು ಕೇಂದ್ರ ಸರ್ಕಾರ 2021ರಲ್ಲಿ ತಿಳಿಸಿತು. ನಾಳೆ ಆ ಬಂಡೆಗಳನ್ನೂ ಒಡೆಯುವುದಾದರೆ ಯಾತಕ್ಕಾಗಿ ಒಡೆಯಬೇಕು, ಎಷ್ಟು ಒಡೆಯಬೇಕು ಎಂಬುದು ನಮ್ಮ ಮನೆಯ ಕಸದ ಬುಟ್ಟಿಯಲ್ಲಿ ತೀರ್ಮಾನವಾಗುವ ಪ್ರಶ್ನೆ.

“ಅದೆಲ್ಲ ಸರಿ. ನೀವು ಅದನ್ನ ಅಂಗಳದಲ್ಲಿ ಬಿಚ್ಚಿ, ಒಳಗೆ ಬೇಡ” ಎಂದಳು ಆಕೆ. ನನ್ನ ತತ್ತ್ವಕ್ಕಿಂತ ಅದೇ ಮೇಲಾದ ತತ್ತ್ವವೆಂದು ಆಗ ನನಗೆ ತಿಳಿಯಲಿಲ್ಲ.

ಬೆಂಗಳೂರಿನ ಎಸ್.ಪಿ. ರಸ್ತೆಯ ಒಂದು ಸಂದಿಯಲ್ಲಿ ನಮ್ಮ ಮಾದರಿಗೆ ಹೊಂದುವ ಬ್ಯಾಟರಿ ಸಿಕ್ಕಿತು. ಮಂಚದಷ್ಟೇ ಅಗಲದ ಆ ಅಂಗಡಿಯ ಹಿರಿಯರು ಹಳೆಯದರ ಮೇಲಿನ ಅಂಕಿಗಳನ್ನೂ ಹೊಸದರ ಅಂಕಿಗಳನ್ನೂ ತಾಳೆ ನೋಡಬೇಕೆಂದರು. ತಯಾರಾದ ತಿಂಗಳನ್ನು ನೋಡಿ ಕೊಟ್ಟರು. ಹದಿನೆಂಟುನೂರು ರೂಪಾಯಿ. ಕೊಡುವಾಗ, “ಮನೇಲೇ ಹಾಕ್ತೀರಾ? ಚಾರ್ಜು ಪೂರ್ತಿ ಇಳಿಸಿಬಿಡಿ. ಬಿಸಿ ಮಾಡಿ, ನಿಧಾನವಾಗಿ ಏಳಿಸಿ. ಕಬ್ಬಿಣ ಮಾತ್ರ ಒಳಗೆ ಹಾಕ್ಬೇಡಿ ಯಜಮಾನ್ರೆ, ಪ್ಲಾಸ್ಟಿಕ್ಕೇ ಸಾಕು” ಎಂದರು. ನಾನು ತಲೆದೂಗಿ ಬಂದೆ. ಬಲ್ಲವರ ಮಾತಿಗೆ ತಲೆದೂಗುವುದು ಸುಲಭ.

ಚಾರ್ಜು ಇಳಿಸಬೇಕೆಂಬುದಕ್ಕೆ ಕಾರಣವಿದೆ. ಆ ಬ್ಯಾಟರಿ ತುಂಬಿದಾಗ ಹಿಡಿಯುವ ಶಕ್ತಿ ಸುಮಾರು 27 ವಾಟ್-ಗಂಟೆ. ಅದು ಎಷ್ಟೆಂದು ಲೆಕ್ಕ ಹಾಕಿದೆ: ಐವತ್ತು ಕಿಲೋ ತೂಕದ ಮನುಷ್ಯನನ್ನು ಸುಮಾರು ಇನ್ನೂರು ಮೀಟರು ಎತ್ತರಕ್ಕೆ ಎತ್ತುವಷ್ಟು. ನಮ್ಮ ತಾಯಿಯವರ ದಿಂಬಿನ ಮೇಲೆ ಇಷ್ಟು ಶಕ್ತಿ ಇಷ್ಟು ವರ್ಷ ತೆಪ್ಪಗೆ ಮಲಗಿತ್ತು. ಒಳಗಿನ ಎರಡು ಪದರಗಳ ನಡುವಣ ತೆಳು ಪರದೆ ಹರಿದರೆ ಅದೆಲ್ಲ ಒಮ್ಮೆಗೇ ಬಿಸಿಯಾಗಿ ಹೊರಬರುತ್ತದೆ. ಆ ಬಿಸಿ ಇನ್ನಷ್ಟು ರಾಸಾಯನಿಕ ಕ್ರಿಯೆಗೆ ದಾರಿ ಮಾಡಿ ಬೆಂಕಿಯಾಗುತ್ತದೆ. ಚಾರ್ಜು ಕಡಿಮೆ ಇದ್ದಷ್ಟೂ ಅಪಾಯ ಕಡಿಮೆ, ಇಲ್ಲವೆಂದಲ್ಲ.

ಭಾನುವಾರ ಬೆಳಗ್ಗೆ ಅಂಗಳದಲ್ಲಿ ಮಣೆ ಹಾಕಿಕೊಂಡು ಕುಳಿತೆ. ಕೂದಲು ಒಣಗಿಸುವ ಯಂತ್ರದಿಂದ ಅಂಚುಗಳಿಗೆ ಬಿಸಿಗಾಳಿ ಹಿಡಿದು, ಅಂಟು ಮೆದುವಾದ ಕಡೆ ಹಳೆಯ ಬ್ಯಾಂಕ್ ಕಾರ್ಡನ್ನು ತೂರಿಸುತ್ತ ಬಂದೆ. ಮೂರು ಮಗ್ಗುಲು ಬಿಟ್ಟುಕೊಂಡಿತು. ನಾಲ್ಕನೆಯದರಲ್ಲಿ ತಾಳ್ಮೆ ಕೆಟ್ಟು ಒತ್ತಿದೆ. ಮೂಲೆಯಲ್ಲಿ ಚಿಟ್ ಎಂದು ಗಾಜು ಬಿರುಕುಬಿಟ್ಟಿತು. ಆಗಲೇ ನಿಲ್ಲಿಸಬೇಕಿತ್ತು. ಗಾಜನ್ನು ಅದರ ರಿಬ್ಬನ್ ತಂತಿ ಕೀಳದಂತೆ ಪುಸ್ತಕದ ಹಾಗೆ ಮಗುಚಿ, ಬ್ಯಾಟರಿಯ ಕೊಂಡಿಯನ್ನು ಕಳಚಿದೆ. ಊದಿದ ಚೀಲ ಒಳಗಿನ ತಗಡಿಗೆ ಬಿಗಿಯಾಗಿ ಅಂಟಿತ್ತು. ಸ್ಪಿರಿಟ್ಟಿನ ಹನಿ ಬಿಟ್ಟು ಕಾರ್ಡು ತೂರಿಸಿದೆ, ಕಾರ್ಡು ಬಾಗಿತು. ಮತ್ತೆ ಬಿಟ್ಟೆ, ಮತ್ತೆ ಬಾಗಿತು. ಒಂದು ಗಂಟೆಯಾಯಿತು. ಸ್ಕ್ರೂಡ್ರೈವರು ಕೈಗೆಟಕುವಲ್ಲೇ ಇತ್ತು. ಹಿರಿಯರ ಮಾತು ನೆನಪಿರಲಿಲ್ಲವೆ? ಚೆನ್ನಾಗಿ ನೆನಪಿತ್ತು. ಒಂದೇ ಒಂದು ಸಲ, ಮೆಲ್ಲಗೆ, ಎಂದು ನನಗೆ ನಾನೇ ಹೇಳಿಕೊಂಡು ಅದರ ತುದಿಯನ್ನು ಅಡಿಗೆ ಹಾಕಿ ಮೀಟಿದೆ.

ಚೀಲ ಮಡಿಚಿತು. ಒಂದು ಸಿಹಿಯಾದ ವಾಸನೆ ಬಂತು; ಹುಡುಗಿಯರು ಉಗುರಿನ ಬಣ್ಣ ತೆಗೆಯಲು ಬಳಸುವ ದ್ರಾವಣದ ವಾಸನೆಯಂಥದು. ಅದು ಒಳಗಿನ ದ್ರವದ ವಾಸನೆಯೆಂದು ನಾನು ಓದಿದ್ದೆ. ಕೈ ನಡುಗಿತು. ತಲೆಯೆತ್ತಿದರೆ ಬಾಗಿಲಲ್ಲಿ ಅಮ್ಮ ಚೌಕಟ್ಟು ಹಿಡಿದು ನಿಂತಿದ್ದರು, “ಆಯ್ತೇನೋ?” ಎಂದು ಕೇಳುತ್ತಿದ್ದರು. ಮನೆಯಾಕೆ ಒಂದು ಮಾತೂ ಆಡದೆ ಅವರನ್ನು ಒಳಗೆ ಕರೆದುಕೊಂಡು ಹೋದಳು. ಆಮೇಲೆ ಬಾಂಡ್ಲಿ ತುಂಬ ಒಣಮರಳನ್ನು ತಂದು ನನ್ನ ಮುಂದೆ ಇಟ್ಟಳು. ಅದನ್ನು ಹಿಂದಿನ ದಿನವೇ ಅಣಿಮಾಡಿ ಇಟ್ಟಿದ್ದಳು. ಬ್ಯಾಟರಿ ಅಷ್ಟು ಹೊತ್ತಿಗೆ ಬಿಟ್ಟುಕೊಂಡಿತ್ತು. ಅದನ್ನು ಮರಳಿಗೆ ಹಾಕಿ, ಮೇಲೆ ಮರಳು ಸುರಿದು, ಕಾಂಪೌಂಡಿನ ಮೂಲೆಗೆ ಒಯ್ದಿಟ್ಟು ದೂರ ನಿಂತೆವು. ಅರ್ಧ ಗಂಟೆ ನಿಂತೆವು. ಏನೂ ಆಗಲಿಲ್ಲ.

ಏನೂ ಆಗಲಿಲ್ಲ ಎಂಬುದರಿಂದ ನಾನು ಮಾಡಿದ್ದು ಸರಿಯಾಗುವುದಿಲ್ಲ. ಆ ಅರ್ಧ ಗಂಟೆ ನನಗೆ ಒಳ್ಳೆಯ ಪಾಠವಾಯಿತು. ನನ್ನ ವಸ್ತು, ನನ್ನ ಹಕ್ಕು ಎಂದು ವಾದಿಸಿದ್ದೆ. ಬೆಂಕಿ ಹತ್ತಿದ್ದರೆ ಅದು ನನ್ನದು ಮಾತ್ರ ಆಗುತ್ತಿರಲಿಲ್ಲ. ಓಡಲಾರದ ಎಂಬತ್ತಮೂರರ ಮುದುಕಿ ಒಂದು ಗೋಡೆಯ ಆಚೆ, ಮೂರು ಮಕ್ಕಳಿರುವ ಪಕ್ಕದ ಮನೆಯವರು ಇನ್ನೊಂದು ಗೋಡೆಯ ಆಚೆ. ತೆರೆಯುವ ಹಕ್ಕು ನನಗಿದೆ ಎಂಬುದರಿಂದ ನಾನೇ, ನನ್ನ ಕೈಯಿಂದಲೇ, ಕಲಿಯದ ಕೈಯಿಂದಲೇ ತೆರೆಯತಕ್ಕದ್ದು ಎಂದು ಸಿದ್ಧವಾಗುವುದಿಲ್ಲ. ಎಸ್.ಪಿ. ರಸ್ತೆಯ ಆ ಹಿರಿಯರಿಗೆ ಇನ್ನು ಮುನ್ನೂರು ರೂಪಾಯಿ ಕೊಟ್ಟಿದ್ದರೆ ಅವರೇ ಮಾಡಿಕೊಡುತ್ತಿದ್ದರು. ಅವರಿಗೆ ಕೂಲಿ, ನಮಗೆ ಕ್ಷೇಮ. ನಾನು ಕೊಡದೆ ಇದ್ದದ್ದು ತತ್ತ್ವಕ್ಕಾಗಿ ಅಲ್ಲ. ನಾನೇ ಮಾಡಿದೆ ಎಂದು ಹೇಳಿಕೊಳ್ಳುವ ಆಸೆಗಾಗಿ. ಅಹಂಕಾರ ಸ್ವಾವಲಂಬನದ ಅಂಗಿ ತೊಟ್ಟು ಬಂದರೆ ಗುರುತು ಹಿಡಿಯುವುದು ಕಷ್ಟ.

ಹಾಗಾದರೆ ಅಂಗಡಿಯ ತರುಣನ ಮಾತೇ ಸರಿಯೆ? ಅಪಾಯವಿರುವುದರಿಂದ ಬಿಚ್ಚಲಾಗದಂತೆ ಮಾಡಿರುವುದೇ ಲೇಸೆ? ಇಲ್ಲಿ ಒಂದು ಸೂಕ್ಷ್ಮವಿದೆ. ನನ್ನನ್ನು ಅಪಾಯಕ್ಕೆ ದೂಡಿದ್ದು ಬ್ಯಾಟರಿಯೊಂದೇ ಅಲ್ಲ, ಅಂಟು ಕೂಡ. ಎಳೆದರೆ ಬರುವ ಒಂದು ಪಟ್ಟಿಯನ್ನು ಅಡಿಯಲ್ಲಿಟ್ಟಿದ್ದರೆ, ನಾಲ್ಕು ತಿರುಪಿನಿಂದ ಕೂರಿಸಿದ್ದರೆ, ಮೀಟುವ ಪ್ರಸಂಗವೇ ಬರುತ್ತಿರಲಿಲ್ಲ. ಬಾವಿಗೆ ಮೆಟ್ಟಿಲನ್ನೂ ಕಟ್ಟದೆ ಕಟ್ಟೆಯನ್ನೂ ಕಟ್ಟದೆ, ಬಿದ್ದೀರಿ, ಹತ್ತಿರ ಬರಬೇಡಿ ಎಂದು ಹಲಗೆ ನೆಡುವುದು ಎಚ್ಚರಿಕೆಯಾದೀತು, ಧರ್ಮವಾಗದು. ಈ ಬ್ಯಾಟರಿಗೆ ದಾರಿ ತೋರಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಗುಡ್‌ಇನಫ್ ಅವರಿಗೆ ಆಗ ತೊಂಬತ್ತೇಳು ವರ್ಷ. ಅವರು ಸಾಧಿಸಿಕೊಟ್ಟದ್ದು ಮತ್ತೆ ಮತ್ತೆ ತುಂಬಿ ಮತ್ತೆ ಮತ್ತೆ ಬಳಸುವ ಶಕ್ತಿಯ ಪಾತ್ರೆ. ಅದನ್ನು ಒಮ್ಮೆ ಬಳಸಿ ಎಸೆಯುವ ಪೆಟ್ಟಿಗೆಯೊಳಗೆ ಅಂಟಿಸಿಟ್ಟವರು ಬೇರೆ.

ಈ ಮಾತು ನನಗೊಬ್ಬನಿಗೇ ಹೊಳೆದದ್ದೇನಲ್ಲ. ಯುರೋಪಿನ ಒಕ್ಕೂಟ 2023ರಲ್ಲಿ ಮಾಡಿದ ನಿಯಮದಲ್ಲಿ, ಇಂಥ ಸಲಕರಣೆಗಳ ಬ್ಯಾಟರಿಯನ್ನು ಬಳಸುವವನೇ ಸಾಧಾರಣ ಉಪಕರಣಗಳಿಂದ ತೆಗೆದು ಹಾಕುವಂತಿರಬೇಕೆಂದೂ, 2027ರ ಫೆಬ್ರವರಿ 18ರಿಂದ ಇದು ಅನ್ವಯವೆಂದೂ ಬರೆದಿದೆ. ನಮ್ಮ ದೇಶದಲ್ಲಿಯೂ ದುರಸ್ತಿಯ ಹಕ್ಕಿನ ವಿಚಾರಕ್ಕೆಂದು ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಅದೇ ವರ್ಷ ಬಂದ ಬ್ಯಾಟರಿ ತ್ಯಾಜ್ಯದ ನಿಯಮಗಳು, ಬಳಸಿದ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಒಯ್ಯುವ ಹೊಣೆಯನ್ನು ತಯಾರಕರ ಮೇಲೆ ಹಾಕಿವೆ. ಬಳಸುವವನ ಹೊಣೆ ಅದನ್ನು ಮನೆಯ ಕಸದಲ್ಲಿ ಬೆರೆಸದೆ ಬೇರೆಯಾಗಿ ಕೊಡುವುದು. ಮರಳಿನಲ್ಲಿ ಹೂತಿದ್ದ ನಮ್ಮ ಬ್ಯಾಟರಿಯನ್ನು ವಾರದ ಮೇಲೆ ವಿದ್ಯುನ್ಮಾನ ಕಸ ಕೊಳ್ಳುವ ಕೇಂದ್ರಕ್ಕೆ ಕೊಟ್ಟು ಬಂದೆ. ಕಾನೂನು ಬರಲಿ, ಬೇಕು. ಆದರೆ ಕಾನೂನು ಬಾಗಿಲು ತೆರೆಯಬಲ್ಲದೇ ಹೊರತು ಒಳಗೆ ಹೋಗುವ ಮನಸ್ಸನ್ನು ಕೊಡಲಾರದು. ಎಲ್ಲ ಸ್ಲೇಟಿಗೂ ನಾಲ್ಕು ತಿರುಪು ಬಂದ ಮೇಲೂ, ಹೊಸದು ಬಂತೆಂದು ಹಳೆಯದನ್ನು ಎಸೆಯುವ ಕೈ ಹಾಗೆಯೇ ಇದ್ದರೆ ತಿರುಪು ತುಕ್ಕು ಹಿಡಿಯುತ್ತದೆ, ಅಷ್ಟೆ.

ಆ ಭಾನುವಾರ ಮಧ್ಯಾಹ್ನದ ಮೇಲೆ ಮಿಕ್ಕ ಕೆಲಸ ಮಾಡಿದೆ; ಈ ಸಲ ಅವಸರವಿಲ್ಲದೆ. ಹಳೆಯ ಅಂಟನ್ನು ಸ್ಪಿರಿಟ್ಟಿನಿಂದ ಒರೆಸಿದೆ. ಹೊಸ ಬ್ಯಾಟರಿಯನ್ನು ಕೂರಿಸಿ, ಕೊಂಡಿ ಹಾಕಿ, ಗಾಜನ್ನು ಅಂಟಿಸುವ ಮೊದಲು ಗುಂಡಿ ಒತ್ತಿ ನೋಡಿದೆ. ಬೆಳಕು ಬಂತು. ತೆಳುವಾದ ಎರಡು ಬದಿಯ ಅಂಟುಪಟ್ಟಿಯಿಂದ ಗಾಜನ್ನು ಕೂರಿಸಿ, ಮೇಲೆ ನಾಲ್ಕು ನಿಘಂಟುಗಳನ್ನು ಹೇರಿ ರಾತ್ರಿಯೆಲ್ಲ ಬಿಟ್ಟೆ.

ಈಗ ಅದು ಹಿಂದಿನ ಸ್ಲೇಟೇ, ಬೇರೆಯದೆ? ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಹಾಕಿದ ಪ್ರಶ್ನೆ ಇಂಥದೇ: ಗಾಲಿ ರಥವೆ, ಅಚ್ಚು ರಥವೆ, ನೊಗ ರಥವೆ? ಯಾವುದೂ ಅಲ್ಲ, ಎಲ್ಲ ಕೂಡಿದಾಗ ಜನ ಇಟ್ಟ ಹೆಸರು ರಥ. ಗ್ರೀಕರಲ್ಲಿಯೂ ಥೀಸಿಯಸ್ಸನ ಹಡಗಿನ ಹಲಗೆಗಳನ್ನು ಒಂದೊಂದಾಗಿ ಬದಲಾಯಿಸುತ್ತ ಬಂದರೆಂದೂ, ಅದು ಅದೇ ಹಡಗೋ ಅಲ್ಲವೋ ಎಂದು ಪಂಡಿತರು ಕಚ್ಚಾಡಿದರೆಂದೂ ಪ್ಲುಟಾರ್ಕ್ ಬರೆದಿದ್ದಾನೆ. ಆ ಚರ್ಚೆಯಲ್ಲಿ ಒಂದು ಸಂಗತಿಯನ್ನು ಯಾರೂ ಅಷ್ಟಾಗಿ ಎತ್ತಿ ಹೇಳುವುದಿಲ್ಲ: ಹಲಗೆ ಬದಲಾಯಿಸಲು ಅಲ್ಲಿ ಜನ ಇದ್ದರು. ತಲೆಮಾರುಗಟ್ಟಲೆ, ಕೊಳೆತದ್ದನ್ನು ಕಂಡು, ತೆಗೆದು, ಒಳ್ಳೆಯದನ್ನು ಜೋಡಿಸುವ ಜನ. ಹಡಗು ಅದೇ ಆಗಿ ಉಳಿದದ್ದು ಮರದಿಂದಲ್ಲ, ಅವರ ಆ ನಿಗಾದಿಂದ ಎಂದು ನನಗೆ ತೋರುತ್ತದೆ. ಒಡೆತನದ ಪ್ರಶ್ನೆಗೂ ನನಗೆ ಸಿಕ್ಕಿದ ಉತ್ತರ ಇಷ್ಟೇ. ರಸೀತಿಯಿಂದ ವಸ್ತು ನಮ್ಮ ಮನೆಗೆ ಬರುತ್ತದೆ. ಅದು ನಮ್ಮದಾಗುವುದು ಅದರ ಕ್ಷೇಮಕ್ಕೂ ಅದರಿಂದಾಗುವ ಕೇಡಿಗೂ ನಾವು ಉತ್ತರ ಹೇಳಲು ಒಪ್ಪಿದಾಗ. ಬಿಚ್ಚಲಾಗದಂತೆ ಮಾಡುವವರು ನಮ್ಮಿಂದ ಕಸಿದುಕೊಳ್ಳುವುದು ಆ ಹೊಣೆಯನ್ನು. ನಾವು ಸಂತೋಷದಿಂದ ಬಿಟ್ಟುಕೊಡುತ್ತಿರುವುದೂ ಅದನ್ನೇ.

ಸೋಮವಾರ ಬೆಳಗ್ಗೆ ಸ್ಲೇಟನ್ನು ಅಮ್ಮನ ಕೈಗೆ ಕೊಟ್ಟೆ. ಅವರು ಮೊದಲು ನಾಲ್ಕು ಅಂಚಿನ ಮೇಲೂ ಬೆರಳಾಡಿಸಿದರು. ಬಲಮೂಲೆಗೆ ಬಂದಾಗ ಬೆರಳು ನಿಂತಿತು.

“ಇಲ್ಲೊಂದು ಗೀರಿದೆಯಲ್ಲೋ?”

“ನನ್ನ ಕೈಯಿಂದ ಆದದ್ದಮ್ಮ. ಅವಸರ ಮಾಡಿದೆ. ಮೇಲೆ ಟೇಪು ಅಂಟಿಸಿದ್ದೇನೆ, ಚುಚ್ಚುವುದಿಲ್ಲ.”

ಅವರು ಆ ಮೂಲೆಯನ್ನು ಇನ್ನೊಮ್ಮೆ ಮುಟ್ಟಿ ನೋಡಿ, “ಇರಲಿ ಬಿಡು. ಪುಟ ತಿರುಗಿಸೋ ಕಡೆ ಯಾವುದು ಅಂತ ಇನ್ನು ಹುಡುಕಬೇಕಾಗಿಲ್ಲ” ಎಂದರು, ಉದ್ಯೋಗಪರ್ವದಲ್ಲಿ ಬಿಟ್ಟ ಪದ್ಯವನ್ನು ಹುಡುಕಿಕೊಂಡು ಮೆಲ್ಲನೆ ಓದತೊಡಗಿದರು.

ಈಗ ದಿನಾ ಸಂಜೆ ದೇವರ ದೀಪ ಹಚ್ಚುವ ಹೊತ್ತಿಗೆ ಸ್ಲೇಟನ್ನು ಮರದ ಮೇಜಿನ ಮೇಲಿಟ್ಟು ಚಾರ್ಜಿಗೆ ಹಾಕುತ್ತೇನೆ. ನೂರಕ್ಕೆ ಎಂಬತ್ತು ತುಂಬಿದ ಕೂಡಲೇ ತೆಗೆದುಬಿಡುತ್ತೇನೆ. ಮರೆತ ದಿನ ಮನೆಯಾಕೆ ನೆನಪಿಸುತ್ತಾಳೆ. ಮರಳು ತುಂಬಿದ ಬಾಂಡ್ಲಿ ಇನ್ನೂ ಕಾಂಪೌಂಡಿನ ಮೂಲೆಯಲ್ಲೇ ಇದೆ. ಅದನ್ನು ತೆಗೆದಿಡು ಎಂದು ನಾನು ಹೇಳಿಲ್ಲ.